ಟಾಪ್ ಅಡುಗೆ ಶಾಲೆ ಯಾವುದು? ಮೊದಲು ಅದನ್ನ ಕಟ್ಟಿದ್ದು ಯಾರಿಗೆ ಅಂತ ಕೇಳಿ

ಶ್ರೀರಂಗಪಟ್ಟಣದ ಪಕ್ಕ, ಕರಿಘಟ್ಟದ ಬುಡದಿಂದ ಮಾತಾಡ್ತಾ ಇದೀನಿ. ಮಧ್ಯದಲ್ಲಿ ರೈಲಿನ ಸದ್ದು ಬಂದರೆ ಸಹಿಸ್ಕೊಳ್ಳಿ, ನನ್ನ ಸ್ಟುಡಿಯೋ ಅಂದ್ರೆ ಒಂದು ರೂಮು, ಎರಡು ಹಾಸಿಗೆ, ಒಂದು ಮೈಕು ಅಷ್ಟೆ.

ಪ್ರತಿ ವರ್ಷ ಸೆಕೆಂಡ್ ಪಿಯುಸಿ ರಿಸಲ್ಟ್ ಹೊತ್ತಿಗೆ ನನಗೊಂದು ಪ್ರಶ್ನೆ ತಪ್ಪದೆ ಬರುತ್ತೆ. ಕೆ.ಆರ್. ಪೇಟೆ ಕಡೆಯಿಂದ, ನಾಗಮಂಗಲದಿಂದ, ಪಾಂಡವಪುರದಿಂದ. "ಅಣ್ಣ, ಶೆಫ್ ಆಗ್ಬೇಕು. ಟಾಪ್ ಕಲಿನರಿ ಸ್ಕೂಲ್ ಯಾವ್ದು ಹೇಳಿ." ಅದರ ಹಿಂದೇನೇ ಇನ್ನೊಂದು ಮೆಸೇಜು: "ಮನೇಲಿ ಅಡುಗೆ ಕಲಿಯೋಕೆ ಕಾಲೇಜು ಯಾಕೆ ಅಂತಾರೆ." ಒಬ್ಬ ಹುಡುಗಿ ಬರೆದಿದ್ದಳು, ಅವರಪ್ಪ ಒಪ್ಪಿದಾರಂತೆ, ಆದರೆ ಫೀಸಿಗೆ ಕಬ್ಬಿನ ಗದ್ದೆ ಭೋಗ್ಯಕ್ಕೆ ಹಾಕಬೇಕಂತೆ.

ಗದ್ದೆ ಭೋಗ್ಯಕ್ಕೆ ಹಾಕಿಸೋ ಪ್ರಶ್ನೆಗೆ ಹತ್ತು ಹೆಸರಿನ ಲಿಸ್ಟ್ ಓದಿ ಹೇಳೋದು ಸರಿಯಲ್ಲ ಅಂತ ನನಗನ್ನಿಸುತ್ತೆ. ಲಿಸ್ಟಿಗೇನು ಬರ, ಗೂಗಲ್ ಮಾಡಿದ್ರೆ ಸಾಕು. ಪ್ರತಿ ಶಾಲೆನೂ ಯಾವುದೋ ಒಂದು ಲಿಸ್ಟಲ್ಲಿ ನಂಬರ್ ಒನ್ ಆಗಿರುತ್ತೆ. ನಾನು ಬಿ.ಕಾಂ. ಓದಿದೋನು. ಯಾವ ವ್ಯಾಪಾರ ನೋಡಿದ್ರೂ ಮೊದಲು ಬರೋ ಪ್ರಶ್ನೆ, ಇದರ ಗಿರಾಕಿ ಯಾರು? ಅಡುಗೆ ಶಾಲೆಗೂ ಅದನ್ನೇ ಕೇಳಿ ನೋಡಿದೆ. ಯಾರಿಗೋಸ್ಕರ ಕಟ್ಟಿದ್ರು, ಯಾಕೆ ಕಟ್ಟಿದ್ರು, ಅದಕ್ಕೂ ಮುಂಚೆ ನಮ್ಮೋರು ಅಡುಗೆನ ಎಲ್ಲಿ ಕಲೀತಿದ್ರು? ಹುಡುಕ್ತಾ ಹೋದ್ರೆ ಸಾವಿರ ವರ್ಷ ಹಿಂದಕ್ಕೆ ಹೋಯ್ತು.

ಅಡುಗೆ ಬಗ್ಗೆ ಬರೆಯೋದು ಕನ್ನಡ ನಾಡಿಗೆ ಹೊಸದಲ್ಲ. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಭಾಗ ಇದೆ. ಅದಾಗಿ ಒಂದು ಶತಮಾನಕ್ಕೆ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಅದರಲ್ಲಿ ಇಡ್ಲಿ, ದೋಸೆಗಳ ಪೂರ್ವಜರೂ ಇದ್ದಾರೆ, ಏಡಿ, ಆಮೆ, ಹೊಲದ ಇಲಿ ಸುಡೋ ವಿಧಾನನೂ ಇದೆ. ರಾಜನ ತಟ್ಟೇಲಿ ಹೊಲದ ಇಲಿ! ಇವತ್ತು ಯಾವ ಶೆಫ್ ಆದ್ರೂ ಅದನ್ನ ಮೆನುಗೆ ಹಾಕಿದ್ರೆ ಇನ್‌ಸ್ಟಾಗ್ರಾಮಲ್ಲಿ ಮೂರು ದಿನ ಜಗಳ ನಡೆಯುತ್ತೆ.

ನಮಗೆ ಇನ್ನೂ ಹತ್ತಿರದವನು ಮೂರನೇ ಮಂಗರಸ. ಚೆಂಗಾಳ್ವರ ಸಾಮಂತ, ಕಲ್ಲಹಳ್ಳಿಯ ಒಡೆಯ, ಜೈನ ಕವಿ. 1508ರ ಆಸುಪಾಸಿನಲ್ಲಿ 'ಸೂಪಶಾಸ್ತ್ರ' ಬರೆದ, ಕನ್ನಡದಲ್ಲಿ, ಷಟ್ಪದಿಯಲ್ಲಿ. ಪೂರ್ತಿ ಸಸ್ಯಾಹಾರ. ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಬದನೆಕಾಯಿಗಂತಲೇ ಒಂದು ಭಾಗ, ಹಲಸು ಬಾಳೆಗೊಂದು, ಕಳಲೆಗೊಂದು. ಪದ್ಯದಲ್ಲಿ ಯಾಕೆ ಬರೆದ? ಆ ಕಾಲದಲ್ಲಿ ಪದ್ಯ ಅಂದ್ರೆ ಬಾಯಿಪಾಠ ಮಾಡೋಕೆ ಅನುಕೂಲ. ಆದರೆ ಬಾಯಿಪಾಠ ಮಾಡ್ತಿದ್ದೋರು ಯಾರು? ಒಲೆ ಮುಂದೆ ಬೆವರು ಸುರಿಸ್ತಿದ್ದ ಆಳಂತೂ ಅಲ್ಲ ಅಂತ ನನ್ನ ಊಹೆ. ರಾಜರು, ಕವಿಗಳು, ಪಂಡಿತರು ಇತರ ರಾಜರು, ಕವಿಗಳು, ಪಂಡಿತರಿಗೆ ಬರೆದ ಪುಸ್ತಕಗಳು ಇವು. ಅಡುಗೆ ಮಾಡೋನಿಗೆ ಪುಸ್ತಕ ಬೇಕಿರಲಿಲ್ಲ. ಅವನು ಅಪ್ಪನ ಕೈ ನೋಡಿ ಕಲೀತಿದ್ದ.

ಮಹಾಭಾರತದಲ್ಲಿ ಭೀಮ ವಿರಾಟನ ಅರಮನೆಗೆ ಅಡುಗೆಯವನಾಗಿ ಸೇರ್ತಾನಲ್ಲ, ಅಲ್ಲೂ ಅವನು ಹೇಳೋದು ನಾನು ಹಿಂದೆ ಯುಧಿಷ್ಠಿರನ ಮನೇಲಿ ಅಡುಗೆ ಮಾಡ್ತಿದ್ದೆ ಅಂತ. ಸರ್ಟಿಫಿಕೇಟ್ ಇಲ್ಲ, ಎಕ್ಸ್‌ಪೀರಿಯೆನ್ಸ್ ಲೆಟರ್ ಇದೆ. ಇವತ್ತಿಗೂ ದೊಡ್ಡ ಕಿಚನ್‌ಗಳಲ್ಲಿ ಕೆಲಸ ಸಿಗೋದು ಹೆಚ್ಚುಕಮ್ಮಿ ಹಾಗೇನೇ.

ಸರಿ, ಅಪ್ಪನ ಕೈ ನೋಡಿ ಕಲಿಯೋದು ಕೇಳೋಕೆ ಚೆಂದ. ಆದರೆ ಅದರಲ್ಲೊಂದು ಬೀಗ ಇದೆ. ನಿಮ್ಮಪ್ಪ ಅಡುಗೆಯವನಾಗಿಲ್ಲದಿದ್ರೆ?

1799ರಲ್ಲಿ ಟಿಪ್ಪು ಸತ್ತ, ಶ್ರೀರಂಗಪಟ್ಟಣ ಬಿತ್ತು. ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್‌ಲೆಂಡಿನ ಡಾಕ್ಟರು ಈಸ್ಟ್ ಇಂಡಿಯಾ ಕಂಪನಿ ಪರವಾಗಿ ನಮ್ಮ ಸೀಮೆ ಸುತ್ತಿದ. ಯಾವ ಊರಲ್ಲಿ ಏನು ಬೆಳೀತಾರೆ, ಏನು ಮಾಡ್ತಾರೆ ಅಂತ ಒಂದೊಂದನ್ನೂ ಬರೆದಿಟ್ಟ. ಚನ್ನಪಟ್ಟಣದಲ್ಲಿ ಅವನಿಗೆ ಒಂದು ಕುಟುಂಬದ ಸುದ್ದಿ ಸಿಗುತ್ತೆ. ತುಂಬಾ ಬಿಳಿಯ, ನಯವಾದ ಸಕ್ಕರೆ ಮಾಡೋ ಮನೆತನ. ಟಿಪ್ಪುವಿಗೆ ಸಕ್ಕರೆ ಹೋಗ್ತಿದ್ದದ್ದು ಅಲ್ಲಿಂದ. ಮಾಡೋ ವಿಧಾನ ಮಾತ್ರ ಆ ಕುಟುಂಬದ ಗುಟ್ಟು, ಹೊರಗಿನೋರಿಗೆ ಹೇಳಲ್ಲ. ನನ್ನಂಥ ಕಾಮರ್ಸ್ ಹುಡುಗನಿಗೆ ಇದು ಅರ್ಥ ಆಗುತ್ತೆ, ಗುಟ್ಟೇ ಅವರ ಬಂಡವಾಳ. ಆದರೆ ಸುತ್ತಮುತ್ತ ಅಷ್ಟೊಂದು ಕಬ್ಬು ಬೆಳೀತಿದ್ದ ರೈತನ ಮಗ ಆ ಸಕ್ಕರೆ ಮಾಡೋದನ್ನ ಕಲಿಯೋ ದಾರಿನೇ ಇರಲಿಲ್ಲ ಅನ್ನೋದೂ ಅಷ್ಟೇ ನಿಜ.

ಮೈಸೂರ್ ಪಾಕ್ ಕಥೆ ನಿಮಗೆ ಗೊತ್ತೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಮಾಡಿದ್ದು ಅಂತ ಮನೆತನದೋರು ಹೇಳ್ತಾರೆ, ದೇವರಾಜ ಮಾರ್ಕೆಟ್ ಹತ್ತಿರದ ಗುರು ಸ್ವೀಟ್ಸ್ ಇವತ್ತಿಗೂ ಅವರ ವಂಶದೋರದ್ದು. ಅಲ್ಲೂ ಕಲಿಕೆ ಇಳಿದಿದ್ದು ರಕ್ತಸಂಬಂಧದಲ್ಲೇ.

ದೇವಸ್ಥಾನದ, ಮಠದ ಅಡುಗೆಮನೆಗಳ ವಿಷ್ಯ ಇನ್ನೂ ಬಿಗಿ. ನಮ್ಮ ಮೇಲುಕೋಟೆನೇ ನೋಡಿ. ಪಾಂಡವಪುರ ತಾಲ್ಲೂಕಿನ ಆ ಬೆಟ್ಟದ ಪುಳಿಯೋಗರೆ ತಿನ್ನೋಕೆ ಬೆಂಗಳೂರಿಂದ ಕಾರು ಹತ್ತಿ ಬರ್ತಾರೆ. ತಿನ್ನೋದು ಎಲ್ಲರೂ. ಆದರೆ ಚೆಲುವನಾರಾಯಣಸ್ವಾಮಿಗೆ ನೈವೇದ್ಯ ಮಾಡೋ ಒಲೆ ಮುಂದೆ ನಿಂತು ಕಲಿಯೋಕೆ ಹುಟ್ಟು ಬೇಕು, ಮಡಿ ಬೇಕು. ಇದನ್ನ ಬೈಯೋಕೆ ಹೇಳ್ತಿಲ್ಲ, ಲೆಕ್ಕಕ್ಕೆ ಹೇಳ್ತಿದೀನಿ. ಸಾವಿರ ಜನಕ್ಕೆ ಒಂದೇ ಹದದಲ್ಲಿ ಅಡುಗೆ ಮಾಡೋ ವಿದ್ಯೆ ಈ ನಾಡಲ್ಲಿ ಶತಮಾನಗಳ ಕಾಲ ಇತ್ತು, ಅದನ್ನ ಕಲಿಸೋ ಜಾಗಗಳೂ ಇದ್ವು, ಅಡ್ಮಿಷನ್ ಮಾತ್ರ ಜಾತಿ ಮೇಲೆ. ಮಂಡ್ಯ ಸೀಮೇಲಿ ಬೀಗರೂಟಕ್ಕೆ ಕುರಿ ಬೇಯಿಸೋ ಒಕ್ಕಲಿಗರ ಹುಡುಗನನ್ನೂ ಬಾಯಿ ತಪ್ಪಿ "ಅಡುಗೆ ಭಟ್ರು" ಅಂತಾರಲ್ಲ, ಆ ಮಾತಿನಲ್ಲೇ ಹಳೇ ಬೋರ್ಡು ಇನ್ನೂ ನೇತಾಡ್ತಾ ಇದೆ.

ಇನ್ನು ಮನೆ ಅಡುಗೆ ಪೂರ್ತಿ ಹೆಂಗಸರ ಹೆಗಲ ಮೇಲೆ. ಮುದ್ದೆ ಕಟ್ಟೋದು, ಬಸ್ಸಾರಿನ ಹದ ಹಿಡಿಯೋದು, ಹುರುಳಿಕಾಳು ಮೊಳಕೆ ಬರಿಸೋದು, ಇಷ್ಟೆಲ್ಲ ವಿದ್ಯೆಗೆ ಯಾರೂ ಸಂಬಳ ಕೊಡಲಿಲ್ಲ, ಶಾಸ್ತ್ರ ಅಂತಾನೂ ಕರೀಲಿಲ್ಲ. ಮಂಗರಸನ ಪುಸ್ತಕದ ಬದನೆಕಾಯಿಗೆ ಸಿಕ್ಕ ಮರ್ಯಾದೆ ನಮ್ಮಜ್ಜೀರ ಕೈಗೆ ಸಿಗಲಿಲ್ಲ.

ಈ ಬೀಗ ಸ್ವಲ್ಪ ಸಡಿಲ ಆಗಿದ್ದು ಹೋಟೆಲಿನಿಂದ. ನನ್ನ ಪ್ರಕಾರ ಕರ್ನಾಟಕದ ಮೊದಲ ನಿಜವಾದ ಅಡುಗೆ ಶಾಲೆ ಅಂದ್ರೆ ಉಡುಪಿ ಹೋಟೆಲು.

ಕರಾವಳಿಯಲ್ಲಿ ಭೂಮಿ ಕಮ್ಮಿ, ಮನೇಲಿ ಮಕ್ಕಳು ಜಾಸ್ತಿ. ಹತ್ತು ಹನ್ನೆರಡು ವರ್ಷದ ಹುಡುಗರು ಬೆಂಗಳೂರು, ಮದ್ರಾಸು, ಮುಂಬೈಗೆ ಹೊರಡ್ತಿದ್ರು, ಊರಿನ ಯಾರದೋ ಹೋಟೆಲಿಗೆ. ಮೊದಲು ಲೋಟ ತೊಳೆಯೋದು, ಟೇಬಲ್ ಒರೆಸೋದು. ಆಮೇಲೆ ಮಾಣಿ, ಅಂದ್ರೆ ಸಪ್ಲೈಯರ್. ಕೈ ಚುರುಕಿದ್ರೆ ಒಳಗೆ, ರುಬ್ಬೋ ಕಲ್ಲಿಗೆ, ಅಲ್ಲಿಂದ ದೋಸೆ ಕಾವಲಿಗೆ. ಬುದ್ಧಿ ಚುರುಕಿದ್ರೆ ಗಲ್ಲಾಪೆಟ್ಟಿಗೆಗೆ. ಹತ್ತು ವರ್ಷ ಹೀಗೆ ಕಳೆದೋನಿಗೆ ಒಂದು ಹೋಟೆಲನ್ನ ಮೇಲಿಂದ ಕೆಳಗಿನವರೆಗೂ ನಡೆಸೋದು ಗೊತ್ತಿರ್ತಿತ್ತು. ಫೀಸು ಇರಲಿಲ್ಲ. ಫೀಸಿನ ಬದಲು ಬಾಲ್ಯ ಕೊಡ್ತಿದ್ರು. ಇದನ್ನ "ಸಕ್ಸಸ್ ಸ್ಟೋರಿ" ಅಂತ ಹೇಳೋರು ಆ ಭಾಗವನ್ನ ಓಡಿಸಿಬಿಡ್ತಾರೆ.

ಮುಂಬೈನಲ್ಲಿ ಈ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳು ನಡೀತಿದ್ವು. ಹಗಲೆಲ್ಲ ಹೋಟೆಲ್ ಕೆಲಸ, ರಾತ್ರಿ ಪಾಠ. ಅಲ್ಲಿ ಅಡುಗೆ ಕಲಿಸ್ತಿರಲಿಲ್ಲ ಅನ್ನೋದನ್ನ ಗಮನಿಸಿ. ಕಲಿಸ್ತಿದ್ದದ್ದು ಅಕ್ಷರ, ಲೆಕ್ಕ, ಇಂಗ್ಲಿಷು. ಅಡುಗೆ ಅವರಿಗೆ ಕೆಲಸದಲ್ಲೇ ಸಿಗ್ತಿತ್ತು. ಮಾಣಿ ಮಾಲೀಕ ಆಗೋಕೆ ಬೇಕಾಗಿದ್ದದ್ದು ಅದರಾಚೆಗಿನ ವಿದ್ಯೆ. ಈ ಮಾತು ಮುಂದೆ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಕಡಂದಲೆ ಕೃಷ್ಣರಾಯರು ಹೀಗೇ ಬಂದವರು. ಉಡುಪಿಯ ಮಠದ ಅಡುಗೆಮನೇಲಿ ಕೈಕೆಲಸ ಮಾಡಿ, ಮದ್ರಾಸಿಗೆ ಹೋಗಿ, 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಅನ್ನೋ ಬಂಗಲೆ ಹಿಡಿದು ಹೋಟೆಲ್ ಮಾಡಿದ್ರು. ಬಂಗಲೆ ಹೆಸರೇ ಹೋಟೆಲಿನ ಹೆಸರಾಯ್ತು. ಬೆಂಗಳೂರಲ್ಲಿ ಎಂಟಿಆರ್. ಕೋಟ ಹತ್ತಿರದ ಪಾರಂಪಳ್ಳಿಯ ಮೈಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಆಗ ಅದರ ಹೆಸರೇನು ಗೊತ್ತಾ? ಬ್ರಾಹ್ಮಣ ಕಾಫಿ ಕ್ಲಬ್. ಮಾವಳ್ಳಿ ಟಿಫಿನ್ ರೂಮ್ಸ್ ಅಂತ ಆಗಿದ್ದು 1960ರಲ್ಲಿ. ಮದ್ರಾಸಿನಲ್ಲಿ 1957ರಲ್ಲಿ ಪೆರಿಯಾರ್ ಕಡೆಯೋರು ಹೋಟೆಲ್ ಬೋರ್ಡಿನಿಂದ "ಬ್ರಾಹ್ಮಣ" ಅನ್ನೋ ಪದ ತೆಗೀಬೇಕು ಅಂತ ಟ್ರಿಪ್ಲಿಕೇನಿನ ಮುರಳಿ ಕೆಫೆ ಮುಂದೆ ಚಳವಳಿನೇ ಮಾಡಿದ್ರು. ಅಂದ್ರೆ ಹೋಟೆಲ್ ಬಾಗಿಲು ಗಿರಾಕಿಗೆ ತೆರೆದಷ್ಟು ಬೇಗ ಅಡುಗೆಮನೆ ಬಾಗಿಲು ತೆರೀಲಿಲ್ಲ. ನಮ್ಮ ಕಡೆ ಮಾಂಸದಡುಗೆಯೋರು ಮಿಲಿಟರಿ ಹೋಟೆಲ್ ಅಂತ ಬೇರೆ ಬೋರ್ಡೇ ಹಾಕ್ಕೊಂಡ್ರು.

ಎಂಟಿಆರಿನ ಯಜ್ಞನಾರಾಯಣ ಮೈಯರ ಒಂದು ವಿಷ್ಯ ನನಗೆ ತುಂಬಾ ಇಷ್ಟ. ಹೋಟೆಲ್ ಚೆನ್ನಾಗಿ ನಡೀತಿದ್ದಾಗಲೇ, 1951ರಲ್ಲಿ, ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ಹೇಗೆ ನಡೀತವೆ ಅಂತ ನೋಡ್ಕೊಂಡು ಬಂದ್ರು. ತಂದದ್ದು ರೆಸಿಪಿ ಅಲ್ಲ, ಕ್ಲೀನಿಂಗು. ಪಾತ್ರೆ ತೊಳೆಯೋ ಶಿಸ್ತು, ಅಡುಗೆಮನೆ ಇಟ್ಕೊಳ್ಳೋ ಶಿಸ್ತು. ದೋಸೆ ಹಾಕೋದನ್ನ ಅವರಿಗೆ ಯಾವ ಯುರೋಪೂ ಕಲಿಸಬೇಕಿರಲಿಲ್ಲ. ತಮಗೆ ಏನು ಬರಲ್ಲ ಅಂತ ಗೊತ್ತು ಮಾಡ್ಕೊಂಡು ಅದನ್ನಷ್ಟೇ ಕಲಿಯೋಕೆ ದುಡ್ಡು ಖರ್ಚು ಮಾಡಿದ್ರು. ಎಮರ್ಜೆನ್ಸಿ ಕಾಲದಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ರೇಟು ಕಟ್ಟಿದಾಗ ಲೆಕ್ಕ ಕೂರಲಿಲ್ಲ. ಹೋಟೆಲ್ ಬಾಗಿಲು ಹಾಕಿ, ರವೆ ಇಡ್ಲಿ ಮಿಕ್ಸ್ ಥರದ ಪ್ಯಾಕೆಟ್ ವ್ಯಾಪಾರಕ್ಕೆ ಕೈ ಹಾಕಿದ್ರು. ಇವತ್ತು ಎಂಟಿಆರ್ ಅಂದ್ರೆ ಅರ್ಧ ಜನಕ್ಕೆ ನೆನಪಾಗೋದು ಆ ಪ್ಯಾಕೆಟ್ಟೇ. ಶೆಫ್ ಆಗೋರು ಓದಬೇಕಾದ ಕೇಸ್ ಸ್ಟಡಿ ಇದು, ಎಂಬಿಎ ಹುಡುಗರಿಗಷ್ಟೇ ಬಿಡಬಾರದು.

ಈಗ ಸ್ವಲ್ಪ ದೂರ ಹೋಗಿ ಬರೋಣ, ಯಾಕೆಂದ್ರೆ ಲಿಸ್ಟುಗಳಲ್ಲಿ ಮೇಲೆ ಇರೋ ಹೆಸರುಗಳು ಅಲ್ಲಿಯವು. ಪ್ಯಾರಿಸ್ಸಿನ ಲೆ ಕಾರ್ಡನ್ ಬ್ಲೂ. 1895ರಲ್ಲಿ ಮಾರ್ತ್ ಡಿಸ್ಟೆಲ್ ಅನ್ನೋ ಪತ್ರಕರ್ತೆ ಒಂದು ಅಡುಗೆ ಮ್ಯಾಗಜೀನ್ ಶುರು ಮಾಡಿದ್ರು. ಚಂದಾದಾರರು ಹೆಚ್ಚಲಿ ಅಂತ ಚಂದಾದಾರರಿಗೆ ಅಡುಗೆ ಕ್ಲಾಸ್ ಇಟ್ರು, ಮೊದಲ ಕ್ಲಾಸು 1896ರ ಜನವರಿಯಲ್ಲಿ. ಜಗತ್ತಿನ ಅತಿ ಪ್ರಸಿದ್ಧ ಅಡುಗೆ ಶಾಲೆ ಹುಟ್ಟಿದ್ದು ಮ್ಯಾಗಜೀನ್ ಮಾರೋಕೆ! ಅಮೆರಿಕದ ಕಲಿನರಿ ಇನ್‌ಸ್ಟಿಟ್ಯೂಟ್ 1946ರಲ್ಲಿ ಶುರುವಾಗಿದ್ದು ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಕೆಲಸ ಕಲಿಸೋಕೆ. ಒಂದು ಮನೆಯೊಡತಿಯರಿಗೆ, ಇನ್ನೊಂದು ಕೆಲಸ ಇಲ್ಲದ ಸೈನಿಕರಿಗೆ. ಇವತ್ತು ಎರಡಕ್ಕೂ ನಮ್ಮ ಕಡೆಯ ಸಾಮಾನ್ಯ ರೈತ ಫೀಸ್ ಕಟ್ಟೋ ಹಾಗಿಲ್ಲ.

ನಮ್ಮ ದೇಶದ ಕಥೆ ಇದಕ್ಕಿಂತ ಮಜಾ. 1950ರ ಸುಮಾರು. ಸ್ವಾತಂತ್ರ್ಯ ಬಂದಿದೆ, ಅಕ್ಕಿ ಗೋಧಿ ಇಲ್ಲ. ರೇಷನ್. ಕೆ.ಎಂ. ಮುನ್ಷಿ ಕೇಂದ್ರದ ಆಹಾರ ಮಂತ್ರಿ. ಅವರ ಹೆಂಡತಿ ಲೀಲಾವತಿ ಮುನ್ಷಿ ಮತ್ತು ಜೊತೆಗಾರ್ತಿಯರು ಮಹಿಳಾ ಆಹಾರ ಮಂಡಳಿ ಕಟ್ಟಿ, ಅನ್ನಪೂರ್ಣ ಅನ್ನೋ ಕ್ಯಾಂಟೀನುಗಳನ್ನ ನಡೆಸಿದ್ರು. ರೇಷನ್ನಿನ ಧಾನ್ಯ ಬಳಸದೆ ಹೊಟ್ಟೆ ತುಂಬೋ ಊಟ ಮಾಡಿ ತೋರಿಸೋದು ಅದರ ಉದ್ದೇಶ. ಅದೇ ಮಂಡಳಿ 1954ರಲ್ಲಿ ಮುಂಬೈನಲ್ಲಿ ಒಂದು ಕೇಟರಿಂಗ್ ಕಾಲೇಜ್ ತೆಗೀತು. ದೇಶದ ಮೊದಲ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಅದು. ಕಟ್ಟಿದ್ದು ಹೆಂಗಸರು, ಕಾರಣ ಹಸಿವು.

ನಂಬಿಕೆ ಬರದಿದ್ರೆ ಇವತ್ತಿನ ಯಾವುದೇ ಐಎಚ್‌ಎಂನ ಪೂರ್ತಿ ಹೆಸರು ಓದಿ: ಹೋಟೆಲ್ ಮ್ಯಾನೇಜ್‌ಮೆಂಟ್, ಕೇಟರಿಂಗ್ ಟೆಕ್ನಾಲಜಿ ಅಂಡ್ ಅಪ್ಲೈಡ್ ನ್ಯೂಟ್ರಿಷನ್. ಆ ಕೊನೆಯ "ನ್ಯೂಟ್ರಿಷನ್" ಬರಗಾಲದ ಗುರುತು. ಈ ಕಾಲೇಜುಗಳು 1982ರವರೆಗೆ ಕೇಂದ್ರದ ಆಹಾರ ಇಲಾಖೆ ಕೆಳಗಿದ್ವು. ಆ ವರ್ಷ ಪ್ರವಾಸೋದ್ಯಮಕ್ಕೆ ವರ್ಗ ಆದ್ವು, ಎನ್‌ಸಿಎಚ್‌ಎಂಸಿಟಿ ಅನ್ನೋ ರಾಷ್ಟ್ರೀಯ ಮಂಡಳಿ ಬಂತು. ಒಂದು ಫೈಲು ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಯ್ತು ಅಷ್ಟೆ. ಆದರೆ ಗಿರಾಕಿ ಬದಲಾದ. ಮೊದಲು ಹಸಿದ ಪ್ರಜೆ, ಈಗ ರೂಮ್ ಬುಕ್ ಮಾಡಿದ ಟೂರಿಸ್ಟು. ಅಡುಗೆ ಕಲಿಯೋ ಹುಡುಗ ಯಾರಿಗಾಗಿ ಕಲೀತಾನೆ ಅನ್ನೋದು ಆವತ್ತು ಬದಲಾಯ್ತು ಅಂತ ನನ್ನ ಅಭಿಪ್ರಾಯ.

ಬೆಂಗಳೂರಿನ ಐಎಚ್‌ಎಂ ಶೇಷಾದ್ರಿ ರಸ್ತೆಯ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿದೆ. 60ರ ದಶಕದ ಕೊನೇಲಿ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಆಗಿ ಶುರುವಾಗಿ, ಆಮೇಲೆ ದೊಡ್ಡದಾಯ್ತು. ಮಣಿಪಾಲದ ವೆಲ್‌ಕಮ್‌ಗ್ರೂಪ್ ಶಾಲೆ 80ರ ದಶಕದ್ದು, ಐಟಿಸಿಯ ಹೋಟೆಲ್ ವಿಭಾಗ ಮತ್ತು ಮಣಿಪಾಲದ ಪೈಗಳು ಸೇರಿ ಕಟ್ಟಿದ್ದು. ಹೆಸರಲ್ಲೇ ಹೋಟೆಲ್ ಚೈನ್ ಇದೆ, ಅದರಲ್ಲಿ ಮುಚ್ಚುಮರೆ ಇಲ್ಲ, ಒಳ್ಳೇದೇ. ಟಿವಿಯಲ್ಲಿ ನೋಡೋ ವಿಕಾಸ್ ಖನ್ನಾ ಓದಿದ್ದು ಅಲ್ಲೇ. ಮಡಕೆ ಆಕಾರದ ಒಂದು ಅಡುಗೆ ಮ್ಯೂಸಿಯಂ ಕೂಡ ಅಲ್ಲಿದೆ. ಮಜಾ ಏನಪ್ಪಾ ಅಂದ್ರೆ, ಶತಮಾನಗಳಿಂದ ದಿನಾ ಸಾವಿರಾರು ಜನಕ್ಕೆ ಬಡಿಸ್ತಿರೋ ಉಡುಪಿ ಕೃಷ್ಣ ಮಠದ ಅಡುಗೆಮನೆ ಅಲ್ಲಿಂದ ಐದಾರು ಕಿಲೋಮೀಟರ್ ಅಷ್ಟೆ. ಒಂದರ ಬಾಗಿಲಿಗೆ ಫೀಸು, ಇನ್ನೊಂದರ ಬಾಗಿಲಿಗೆ ಹುಟ್ಟು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡ್ತೀನಿ. ನಮ್ಮ ಕಡೆ ಎಷ್ಟೋ ಮಂದಿ "ಮೈಸೂರಲ್ಲೇ ಸಿಎಫ್‌ಟಿಆರ್‌ಐ ಇದೆಯಲ್ಲ, ಶೆಫ್ ಕೋರ್ಸ್ ಅಲ್ಲೇ ಮಾಡ್ತೀನಿ" ಅಂತಾರೆ. ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಅರಮನೇಲಿ ಶುರುವಾದ ಆಹಾರ ವಿಜ್ಞಾನದ ಲ್ಯಾಬು. ಎಮ್ಮೆ ಹಾಲಿನಿಂದ ಮಗುವಿನ ಆಹಾರ ಮಾಡೋದು ಹೇಗೆ, ಧಾನ್ಯ ಕೆಡದ ಹಾಗೆ ಇಡೋದು ಹೇಗೆ, ಅದು ಅವರ ಕೆಲಸ. ಅಲ್ಲಿ ಎಂ.ಎಸ್ಸಿ. ಫುಡ್ ಟೆಕ್ನಾಲಜಿ ಇದೆ, ಅದ್ಭುತ ಕೋರ್ಸು, ಸೈನ್ಸ್ ಡಿಗ್ರಿ ಬೇಕು. ಅದನ್ನ ಓದಿದ್ರೆ ನೀವು ಬಿಸ್ಕತ್ತು ಆರು ತಿಂಗಳು ಗರಿಗರಿ ಇರೋ ಹಾಗೆ ಮಾಡ್ತೀರಿ, ರಾತ್ರಿ ಎಂಟು ಗಂಟೆಗೆ ನಲವತ್ತು ಆರ್ಡರ್ ಒಟ್ಟಿಗೆ ಬಂದಾಗ ಒಲೆ ಮುಂದೆ ನಿಲ್ಲಲ್ಲ. ನಿಮಗೆ ಬೇಕಾದ್ದು ಯಾವುದು ಅಂತ ಅರ್ಜಿ ಹಾಕೋ ಮೊದಲೇ ಗೊತ್ತಿರಲಿ.

ಸರಿ, ಒಳಗೆ ಏನು ಕಲಿಸ್ತಾರೆ? ಐಎಚ್‌ಎಂ ಆಗಲಿ, ಪ್ರೈವೇಟ್ ಕಾಲೇಜಾಗಲಿ, ಅಡುಗೆ ಪಾಠ ಸಾಮಾನ್ಯವಾಗಿ ಶುರುವಾಗೋದು ತರಕಾರಿ ಹೆಚ್ಚೋ ಫ್ರೆಂಚ್ ಹೆಸರುಗಳಿಂದ, ಸ್ಟಾಕಿಂದ, ಐದು ಮದರ್ ಸಾಸ್‌ಗಳಿಂದ. ಇದರ ಹಿಂದೆ ಇರೋ ಮನುಷ್ಯ ಆಗಸ್ಟ್ ಎಸ್ಕಾಫಿಯೆ. ಅವನು ಯಾವ ಶಾಲೆಗೂ ಹೋದವನಲ್ಲ. 1859ರಲ್ಲಿ, ಹದಿಮೂರನೇ ವಯಸ್ಸಿಗೆ, ಫ್ರಾನ್ಸಿನ ನೀಸ್ ಊರಲ್ಲಿ ಚಿಕ್ಕಪ್ಪನ ಹೋಟೆಲಿಗೆ ಸೇರಿದ ಮಾಣಿ. ನಮ್ಮ ಕುಂದಾಪುರದ ಹುಡುಗರ ಥರಾನೇ. ದೊಡ್ಡ ಹೋಟೆಲುಗಳ ಅಡುಗೆಮನೆಯನ್ನ ಮಿಲಿಟರಿ ಲೆಕ್ಕದಲ್ಲಿ ವಿಂಗಡಿಸಿ, ಯಾರ ಕೆಲಸ ಯಾರದು ಅಂತ ಪಕ್ಕಾ ಮಾಡಿದ. 1903ರಲ್ಲಿ ಅವನು ತಂದ 'ಲೆ ಗೀಡ್ ಕುಲಿನೇರ್' ಇವತ್ತಿಗೂ ಪಠ್ಯದ ಬೇರು. ಕಾಲೇಜ್ ಮುಗಿಸಿದ ಹುಡುಗ ಹೋಟೆಲಿಗೆ "ಕಾಮಿ" ಅಂತ ಸೇರ್ತಾನಲ್ಲ, ಆ ಪದವಿ ಹೆಸರು ಬಂದಿದ್ದು ಆ ವ್ಯವಸ್ಥೆಯಿಂದ.

ಫ್ರೆಂಚರನ್ನ ಬೈಯೋದು ಸುಲಭ, ನಾನು ಬೈಯಲ್ಲ. ದುಬೈ ಹಡಗಿನಲ್ಲಿ ನೇಪಾಳದವನ ಪಕ್ಕ ನಿಂತು ಕೆಲಸ ಮಾಡೋಕೆ ಒಂದು ಸಾಮಾನ್ಯ ಭಾಷೆ ಬೇಕು, ಆ ಭಾಷೆ ಅದು. ಅಷ್ಟೇ ಅಲ್ಲ, ಈ ಪಠ್ಯಕ್ಕೆ ಜಾತಿ ಗೊತ್ತಿಲ್ಲ. ಬೆಶಮೆಲ್ ಸಾಸ್ ಕಲಿಯೋಕೆ ಯಾರೂ ಮಡಿ ಉಡಬೇಕಿಲ್ಲ. ನಾಗಮಂಗಲದ ಯಾವ ಕೇರಿಯ ಹುಡುಗಿಯಾದರೂ ಹೆಸರಿಗೆ ಮುಂದೆ ಇನಿಷಿಯಲ್ ಹಾಕಿ, ಬಿಳಿ ಕೋಟು ತೊಟ್ಟು ಒಲೆ ಮುಂದೆ ನಿಲ್ಲಬಹುದು, ಸೀಟಿನಲ್ಲಿ ಮೀಸಲಾತಿನೂ ಇದೆ. ಸಾವಿರ ವರ್ಷದಲ್ಲಿ ಮೊದಲ ಸಲ ಅಡುಗೆ ವಿದ್ಯೆಗೆ ಹುಟ್ಟಿನ ಬೀಗ ಕಾನೂನುಬದ್ಧವಾಗಿ ಬಿಚ್ಚಿದ್ದು ಈ ಕಾಲೇಜುಗಳಲ್ಲಿ. ಅದು ಸಣ್ಣ ಮಾತಲ್ಲ.

ಆದರೆ ತಕರಾರೂ ಇದೆ. ನಮ್ಮ ಜಿಲ್ಲೆಯ ಬಂಡೂರು ಕುರಿ ಮಾಂಸಕ್ಕೆ ದೇಶದಲ್ಲೇ ಹೆಸರು. ಕುಳ್ಳ ಕಾಲು, ಗಿಡ್ಡ ಮೈ, ಮೃದು ಮಾಂಸ. ಅದನ್ನ ಕತ್ತರಿಸಿ, ಬೀಗರೂಟಕ್ಕೆ ಐನೂರು ಜನಕ್ಕೆ ಸಾರು ಮಾಡೋ ಹದ ಗೊತ್ತಿರೋ ಮಂದಿ ಪ್ರತಿ ಹೋಬಳೀಲಿ ಇದ್ದಾರೆ. ಅವರ ಹತ್ತಿರ ಡಿಪ್ಲೊಮಾ ಇಲ್ಲ. ನೀವು ಕೇಳಬೇಕಾದ ಪ್ರಶ್ನೆ, ನೋಡೋಕೆ ಹೋಗಿರೋ ಕಾಲೇಜಿನಲ್ಲಿ ಅಂಥವರನ್ನ ಒಂದು ದಿನಕ್ಕಾದರೂ ಕರೆಸಿ ಪಾಠ ಮಾಡಿಸಿದ್ದಾರಾ? ಇಲ್ಲ ಅಂದ್ರೆ ಅದು ಕೆಟ್ಟ ಕಾಲೇಜು ಅಂತಲ್ಲ. ಅದು ನಿಮ್ಮನ್ನ ಎಲ್ಲಿಗೆ ಕಳಿಸೋಕೆ ತಯಾರು ಮಾಡ್ತಿದೆ ಅಂತ ಗೊತ್ತಾಗುತ್ತೆ. ಸ್ಟಾರ್ ಹೋಟೆಲಿಗಾ, ಹಡಗಿಗಾ, ಅಥವಾ ನಿಮ್ಮದೇ ಒಂದು ಅಡುಗೆಮನೆಗಾ.

ಬೀಗ ಬಿಚ್ಚಿದೆ ಅಂದೆ, ಹೊಸಿಲು ಮಾತ್ರ ಎತ್ತರಾನೇ ಇದೆ. ಐಎಚ್‌ಎಂನ ಮೂರು ವರ್ಷದ ಬಿ.ಎಸ್ಸಿ.ಗೆ ಎನ್‌ಸಿಎಚ್‌ಎಂ ಜೆಇಇ ಬರೀಬೇಕು. ಪ್ರಶ್ನೆಪತ್ರಿಕೆ ಇಂಗ್ಲಿಷು, ಹಿಂದಿಯಲ್ಲಿ. ಅದರೊಳಗೆ ಇಂಗ್ಲಿಷ್ ಭಾಷೆಯದೇ ಒಂದು ವಿಭಾಗ. ಸೌಟು ಹಿಡಿಯೋಕೆ ಬರುತ್ತಾ ಅಂತ ಯಾರೂ ಕೇಳಲ್ಲ. ಅಡುಗೆಯಲ್ಲಿ ಕೈ ಪಳಗಿರೋ ಕನ್ನಡ ಮೀಡಿಯಂ ಹುಡುಗಿ ಅಲ್ಲಿ ಮುಗ್ಗರಿಸೋದು ಗ್ರಾಮರ್‌ನಲ್ಲಿ. ಮುಂಬೈ ರಾತ್ರಿ ಶಾಲೆ ನೆನಪಿಟ್ಕೊಳ್ಳಿ ಅಂದಿದ್ದೆ. ನೂರು ವರ್ಷದ ಹಿಂದೆ ಆ ಹುಡುಗರಿಗೆ ಕೊರತೆ ಇದ್ದದ್ದು ಅಡುಗೆಯದಲ್ಲ, ಲೆಕ್ಕ ಮತ್ತು ಇಂಗ್ಲಿಷಿನದು. ಇವತ್ತೂ ಅದೇ. ಹಾಗಾಗಿ ಫಸ್ಟ್ ಪಿಯುಸಿಯಲ್ಲಿರೋರು ಯೂಟ್ಯೂಬಲ್ಲಿ ಕೇಕ್ ವಿಡಿಯೋ ನೋಡೋದರ ಜೊತೆ ಒಂದು ಇಂಗ್ಲಿಷ್ ಪೇಪರನ್ನೂ ಓದಿ, ತಮಾಷೆಗೆ ಹೇಳ್ತಿಲ್ಲ.

ಭೋಗ್ಯದ ಗದ್ದೆ ವಿಷ್ಯಕ್ಕೆ ಬರೋಣ. ಕಾಲೇಜಿಗೆ ಹೋದಾಗ "ಹೈಯೆಸ್ಟ್ ಪ್ಯಾಕೇಜ್ ಎಷ್ಟು" ಅಂತ ಕೇಳಬೇಡಿ, ಅದು ಒಬ್ಬನ ಸಂಬಳ. ಕಳೆದ ವರ್ಷ ಪಾಸಾದವರಲ್ಲಿ ನಡುವಿನ ಹುಡುಗನಿಗೆ ಎಷ್ಟು ಸಿಕ್ತು ಅಂತ ಕೇಳಿ. ಐದು ವರ್ಷ ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಇನ್ನೂ ಕಿಚನ್‌ನಲ್ಲಿದ್ದಾರೆ ಅಂತ ಕೇಳಿ, ಈ ಪ್ರಶ್ನೆಗೆ ತಬ್ಬಿಬ್ಬಾದ್ರೆ ಅದೂ ಒಂದು ಉತ್ತರ. ವಾರಕ್ಕೆ ಎಷ್ಟು ಗಂಟೆ ನಾನೇ ಒಲೆ ಮುಂದೆ ಇರ್ತೀನಿ, ಒಂದು ಒಲೆಗೆ ಎಷ್ಟು ಜನ, ಚಾಕು-ಯೂನಿಫಾರಂ-ಸಾಮಾನಿನ ದುಡ್ಡು ಫೀಸಲ್ಲೇ ಬರುತ್ತಾ ಅಥವಾ ಬೇರೆನಾ. ಇಂಡಸ್ಟ್ರಿಯಲ್ ಟ್ರೈನಿಂಗಿಗೆ ಯಾವ ಹೋಟೆಲಿಗೆ ಕಳಿಸ್ತಾರೆ, ಅಲ್ಲಿ ಅಡುಗೆ ಕೊಡ್ತಾರಾ ಅಥವಾ ನಾಲ್ಕು ತಿಂಗಳು ಈರುಳ್ಳಿ ಸುಲಿಸ್ತಾರಾ. ಈರುಳ್ಳಿ ಸುಲಿಯೋದೂ ಕಲಿಕೆನೇ, ಆದರೆ ಅದಕ್ಕೆ ಗದ್ದೆ ಭೋಗ್ಯಕ್ಕೆ ಹಾಕಬೇಕಿಲ್ಲ.

ಇನ್ನೊಂದು, ಹೋಟೆಲ್ ಮ್ಯಾನೇಜ್‌ಮೆಂಟ್ ಬೇರೆ, ಕಲಿನರಿ ಆರ್ಟ್ಸ್ ಬೇರೆ. ಮೊದಲನೇದರಲ್ಲಿ ಫ್ರಂಟ್ ಆಫೀಸು, ಹೌಸ್‌ಕೀಪಿಂಗ್ ಎಲ್ಲ ಸೇರಿರುತ್ತೆ, ಅಡುಗೆ ಅದರಲ್ಲಿ ಒಂದು ಪಾಲು. ಪೂರ್ತಿ ಅಡುಗೆನೇ ಬೇಕು ಅಂದ್ರೆ ಮಣಿಪಾಲದಲ್ಲಿ ಕಲಿನರಿ ಆರ್ಟ್ಸ್ ಡಿಗ್ರಿ ಇದೆ, ಕೇಂದ್ರ ಸರ್ಕಾರದ ಇಂಡಿಯನ್ ಕಲಿನರಿ ಇನ್‌ಸ್ಟಿಟ್ಯೂಟ್ ತಿರುಪತಿ ಮತ್ತು ನೋಯ್ಡಾದಲ್ಲಿದೆ. ತಿರುಪತಿ ನಮಗೆ ಒಂದು ರಾತ್ರಿ ಬಸ್ಸಿನ ದೂರ. ನಮ್ಮ ಜನ ಮುಡಿ ಕೊಡೋಕೆ ಹೋಗೋ ಊರಲ್ಲಿ ಸರ್ಕಾರಿ ಅಡುಗೆ ಶಾಲೆ ಇದೆ ಅಂತ ಹೇಳಿದ್ರೆ ಅರ್ಧ ಜನಕ್ಕೆ ಆಶ್ಚರ್ಯ ಆಗುತ್ತೆ.

ಡಿಗ್ರಿಗೆ ದುಡ್ಡಿಲ್ಲ ಅನ್ನೋರಿಗೆ ಯಾರೂ ಲಿಸ್ಟ್ ಮಾಡದ ದಾರಿಗಳಿವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಫುಡ್ ಪ್ರೊಡಕ್ಷನ್ ಅನ್ನೋ ಒಂದು ವರ್ಷದ ಟ್ರೇಡ್ ಇದೆ. ಎನ್‌ಸಿಎಚ್‌ಎಂಸಿಟಿ ಅಡಿಯಲ್ಲೇ ಫುಡ್ ಪ್ರೊಡಕ್ಷನ್ ಅಂಡ್ ಪ್ಯಾಟಿಸರಿ ಅಂತ ಒಂದೂವರೆ ವರ್ಷದ ಕ್ರಾಫ್ಟ್ ಕೋರ್ಸ್ ಇದೆ, ಅದರಲ್ಲಿ ಹೋಟೆಲ್ ಟ್ರೈನಿಂಗೂ ಸೇರಿದೆ, ಇಡೀ ಕೋರ್ಸೇ ಅಡುಗೆ ಮತ್ತು ಬೇಕಿಂಗು. ಕಾಮಿ ಕೆಲಸಕ್ಕೆ ಅದು ಸಾಕು, ಆಮೇಲೆ ಕೈ ಮಾತಾಡುತ್ತೆ. ಮಾಣಿಯಾಗಿ ಶುರು ಮಾಡಿದ ಕೃಷ್ಣರಾಯರ ದಾರಿ ಅದು, ಬಾಲ್ಯ ಅಡ ಇಡದೆ.

ಜೆಇಇ ಅರ್ಜಿ ಸಾಮಾನ್ಯವಾಗಿ ಬಿಡೋದು ಸೆಕೆಂಡ್ ಪಿಯುಸಿ ಪರೀಕ್ಷೆಗೂ ಮುಂಚೆ, ಚಳಿಗಾಲದಲ್ಲಿ. ರಿಸಲ್ಟ್ ಬಂದ ಮೇಲೆ ಮೆಸೇಜ್ ಮಾಡಿದ್ರೆ ಆ ವರ್ಷದ ಬಸ್ಸು ಆಗಲೇ ಹೋಗಿರುತ್ತೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಬೇಕು. ದಸರಾ ರಜೆಯಲ್ಲೇ ನಾಡಕಚೇರಿಗೆ ಒಂದು ಸುತ್ತು ಹೋಗಿ ಬನ್ನಿ.